ನೋಡುತ್ತ ನಿಂತ ಮಕ್ಕಳು

1990ರ ದಶಕದಲ್ಲಿ ಡೆಬ್ರಾ ಪೆಪ್ಲರ್ ಮತ್ತು ವೆಂಡಿ ಕ್ರೇಗ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞೆಯರು ಕೆನಡಾದ ಟೊರಾಂಟೊದಲ್ಲಿ ಶಾಲೆಯ ಆಟದ ಬಯಲನ್ನು ಕ್ಯಾಮೆರಾದಲ್ಲಿ ಸೆರೆಹಿಡಿದರು. ಕ್ಯಾಮೆರಾ ದೂರದಲ್ಲಿತ್ತು. ಮಾತು ಕೇಳಿಸಲೆಂದು ಮಕ್ಕಳ ಮೈಮೇಲೆ ಪುಟ್ಟ ಮೈಕು ಇತ್ತು. ಮಕ್ಕಳ ನಡುವಿನ ಕಿರುಕುಳದ ಬಗ್ಗೆ ಅಲ್ಲಿಯವರೆಗೆ ತಿಳಿದಿದ್ದು ಬಹುಮಟ್ಟಿಗೆ ಪ್ರಶ್ನಾವಳಿಗಳಿಂದ. ಈಗ ಅದು ಕಣ್ಣಿಗೇ ಕಂಡಿತು. ಸುಮಾರು ಏಳು ನಿಮಿಷಕ್ಕೊಮ್ಮೆ ಎಲ್ಲೋ ಒಂದು ಕಡೆ ಒಂದು ಮಗು ಇನ್ನೊಂದನ್ನು ಗೋಳು ಹೊಯ್ದುಕೊಳ್ಳುತ್ತಿತ್ತು. ಒಂದೊಂದು ಪ್ರಸಂಗ ಸರಾಸರಿ 38 ಸೆಕೆಂಡಿನಲ್ಲಿ ಮುಗಿಯುತ್ತಿತ್ತು. ದೊಡ್ಡವರು ನಡುವೆ ಬಂದು ತಡೆದದ್ದು ನೂರಕ್ಕೆ ನಾಲ್ಕು ಪ್ರಸಂಗಗಳಲ್ಲಿ ಮಾತ್ರ.

ಇದನ್ನು ಓದಿದ ಕೂಡಲೇ ಶಿಕ್ಷಕರ ಮೇಲೆ ಸಿಟ್ಟು ಬರಬಹುದು. ಆದರೆ 38 ಸೆಕೆಂಡೆಂದರೆ ಎಷ್ಟು ಹೊತ್ತು? ಶಿಕ್ಷಕಿ ಆ ಕಡೆ ತಿರುಗಿ ಬಿದ್ದ ಮಗುವೊಂದರ ಮೊಣಕಾಲು ಒರೆಸುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಮತ್ತೆ ತಿರುಗಿದಾಗ ಕಾಣುವುದು ಒಟ್ಟಿಗೆ ನಿಂತ ನಾಲ್ಕೈದು ಮಕ್ಕಳು, ಅಷ್ಟೆ. ಆ ನಾಲ್ಕೈದು ಮಕ್ಕಳೇ ಈ ಲೇಖನದ ವಿಷಯ.

ಹತ್ತರಲ್ಲಿ ಎಂಟಕ್ಕೂ ಹೆಚ್ಚು ಪ್ರಸಂಗಗಳಲ್ಲಿ ಬೇರೆ ಮಕ್ಕಳು ಅಲ್ಲೇ ಇದ್ದರು. 1999ರಲ್ಲಿ ಇದೇ ತಂಡ ಅವರು ಏನು ಮಾಡುತ್ತಿದ್ದರೆಂದು ಲೆಕ್ಕಹಾಕಿತು. ಅರ್ಧಕ್ಕಿಂತ ಹೆಚ್ಚು ಹೊತ್ತು, ಅಂದರೆ ಶೇ. 54ರಷ್ಟು ಸಮಯ, ಅವರು ಸುಮ್ಮನೆ ನೋಡುತ್ತ ನಿಂತಿದ್ದರು. ಶೇ. 21ರಷ್ಟು ಸಮಯ ಪೀಡಿಸುವವರ ಜತೆ ತಾವೂ ಸೇರಿಕೊಂಡಿದ್ದರು. ಉಳಿದ ಕಾಲು ಭಾಗ ಸಮಯ ಮಾತ್ರ ಪೆಟ್ಟು ತಿನ್ನುವ ಮಗುವಿನ ಪರ ನಿಂತಿದ್ದರು. ಎರಡು ವರ್ಷಗಳ ನಂತರದ ಅಧ್ಯಯನವೊಂದರಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಅಂಶ ಬೇರೆ. ಮಕ್ಕಳು ಮಧ್ಯೆ ಬರುವುದು ಕಡಿಮೆ, ನಿಜ. ಆದರೆ ಬಂದಾಗ, ಅರ್ಧಕ್ಕಿಂತ ಹೆಚ್ಚು ಸಲ ಕಿರುಕುಳ ಹತ್ತು ಸೆಕೆಂಡಿನೊಳಗೆ ನಿಂತುಹೋಗಿತ್ತು.

ದೊಡ್ಡವರಾದ ನಾವು ಈ ಸಂಗತಿಯನ್ನು ಸಾಮಾನ್ಯವಾಗಿ ಇಬ್ಬರ ವ್ಯವಹಾರವಾಗಿ ನೋಡುತ್ತೇವೆ. ಒಬ್ಬ ಕೆಟ್ಟವ, ಒಬ್ಬ ಪಾಪದವ. ಇಬ್ಬರನ್ನೂ ಕರೆದು ಎದುರುಬದುರು ನಿಲ್ಲಿಸಿ, "ಇನ್ನು ಮೇಲೆ ಜಗಳ ಆಡಬೇಡಿ, ಕೈ ಕುಲುಕಿ" ಅನ್ನುತ್ತೇವೆ. ಜಗಳವಾದರೆ ಇದು ಸರಿಯಾದ ಕ್ರಮವೇ. ಸಮಬಲದ ಇಬ್ಬರು ಚೆಂಡಿಗಾಗಿ ಕಿತ್ತಾಡಿದರೆ ರಾಜಿ ಮಾಡಿಸಬಹುದು. ಈ ಕ್ಷೇತ್ರದಲ್ಲಿ 1970ರ ದಶಕದ ಆರಂಭದಿಂದ ಕೆಲಸ ಮಾಡಿದ ಡಾನ್ ಓಲ್ವೇಯಸ್, ಕಿರುಕುಳವನ್ನು ಜಗಳದಿಂದ ಬೇರ್ಪಡಿಸುವ ಮೂರು ಲಕ್ಷಣಗಳನ್ನು ಹೇಳಿದ್ದರು: ನೋಯಿಸುವ ಉದ್ದೇಶವಿರುತ್ತದೆ, ಮತ್ತೆ ಮತ್ತೆ ನಡೆಯುತ್ತದೆ, ಮತ್ತು ಒಬ್ಬರ ಕೈ ಮೇಲಾಗಿರುತ್ತದೆ. ಆ ಬಲ ತೋಳಿನದ್ದೇ ಆಗಬೇಕಿಲ್ಲ. ಹೆಚ್ಚು ಸ್ನೇಹಿತರಿರುವುದು, ಮಾತಿನಲ್ಲಿ ಚುರುಕಾಗಿರುವುದು, ಇನ್ನೊಬ್ಬರ ಗುಟ್ಟು ಗೊತ್ತಿರುವುದು ಎಲ್ಲವೂ ಬಲವೇ. ಬಲ ಅಸಮವಾಗಿರುವಲ್ಲಿ ಕೈ ಕುಲುಕಿಸಿದರೆ ಪೀಡಿಸಿದ ಮಗುವಿಗೆ ಏನೂ ಆಗುವುದಿಲ್ಲ. ಪೀಡೆಗೆ ಒಳಗಾದ ಮಗುವಿಗೆ ಮಾತ್ರ ತಾನು ಹೇಳಿದ್ದೇ ತಪ್ಪಾಯಿತೇನೋ ಅನ್ನಿಸುತ್ತದೆ. ಮರುದಿನ ಅದಕ್ಕೆ "ಚಾಡಿಕೋರ" ಎಂಬ ಹೊಸ ಹೆಸರೂ ಅಂಟಿಕೊಳ್ಳುತ್ತದೆ.

ಇಬ್ಬರಾಚೆಗೆ ನೋಡುವುದನ್ನು ಕಲಿಸಿದವರಲ್ಲಿ ಮುಖ್ಯರು ಫಿನ್ಲೆಂಡಿನ ಟುರ್ಕು ವಿಶ್ವವಿದ್ಯಾಲಯದ ಕ್ರಿಸ್ಟಿನಾ ಸಾಲ್ಮಿವಲ್ಲಿ. 1996ರಲ್ಲಿ ಅವರು ಮತ್ತು ಸಂಗಡಿಗರು, ಇಂಥ ಪ್ರಸಂಗದಲ್ಲಿ ತರಗತಿಯ ಹೆಚ್ಚುಕಮ್ಮಿ ಎಲ್ಲರಿಗೂ ಒಂದೊಂದು ಪಾತ್ರವಿರುತ್ತದೆ ಎಂದು ತೋರಿಸಿದರು. ಒಂದು ತರಗತಿಯನ್ನು ಕಲ್ಪಿಸಿಕೊಳ್ಳಿ. ಪಾಠ ಓದುವಾಗ ಹುಡುಗನೊಬ್ಬ ತೊದಲುತ್ತಾನೆ. ಬಿಡುವಿನಲ್ಲಿ ಒಬ್ಬ ಆ ತೊದಲನ್ನು ಅಣಕಿಸುತ್ತಾನೆ. ಇನ್ನೊಬ್ಬ ಹುಡುಗ ಓಡಿಹೋಗದಂತೆ ಬಾಗಿಲಿಗೆ ಅಡ್ಡ ನಿಲ್ಲುತ್ತಾನೆ. ಮೂವರು ನಗುತ್ತಾರೆ, "ಇನ್ನೊಂದ್ಸಲ, ಇನ್ನೊಂದ್ಸಲ" ಅನ್ನುತ್ತಾರೆ. ಹತ್ತಾರು ಮಂದಿ ಪುಸ್ತಕ ಜೋಡಿಸಿಕೊಳ್ಳುವಂತೆ ತಲೆ ತಗ್ಗಿಸುತ್ತಾರೆ. ಒಬ್ಬಳು ಮಾತ್ರ ಮೆಲ್ಲಗೆ ಬಂದು "ಬಾ, ಹೊರಗೆ ಹೋಗೋಣ" ಎಂದು ಅವನ ತೋಳು ಹಿಡಿಯುತ್ತಾಳೆ. ಅಣಕಿಸಿದವನಿಗೆ ಶಿಕ್ಷೆಯಾಗುತ್ತದೆ. ನಕ್ಕ ಮೂವರಿಗೆ ತಾವೇನೋ ಮಾಡಿದೆವೆಂಬ ಅರಿವೂ ಇರುವುದಿಲ್ಲ. ಆದರೆ ಅವರು ನಗದಿದ್ದರೆ ಆ ಅಣಕಕ್ಕೆ ಅರ್ಥವೇ ಇರುತ್ತಿರಲಿಲ್ಲ.

ಪೀಡಿಸುವ ಮಗು ಒಳಗೊಳಗೆ ಕೀಳರಿಮೆಯಿಂದ ನರಳುತ್ತಿರುತ್ತದೆ ಎಂಬ ನಂಬಿಕೆ ತುಂಬ ಹಳೆಯದು. ಕೆಲವರ ವಿಷಯದಲ್ಲಿ ಅದು ನಿಜ. ಅದರಲ್ಲೂ ತಾವೂ ಪೀಡನೆಗೆ ಒಳಗಾಗಿ ಇತರರನ್ನೂ ಪೀಡಿಸುವ ಮಕ್ಕಳ ಸ್ಥಿತಿ ಎಲ್ಲರಿಗಿಂತ ಕಷ್ಟದ್ದು, ಅವರಿಗೆ ಶಿಕ್ಷೆಗಿಂತ ಸಹಾಯ ಬೇಕು. ಆದರೆ ಗುಂಪಿನ ಮುಂದಾಳುಗಳು ಹಾಗಿರುವುದಿಲ್ಲ. 1999ರ ಬ್ರಿಟಿಷ್ ಅಧ್ಯಯನವೊಂದರಲ್ಲಿ, ಇನ್ನೊಬ್ಬರ ಮನಸ್ಸಿನಲ್ಲೇನಿದೆ ಎಂದು ಊಹಿಸುವ ಪರೀಕ್ಷೆಯಲ್ಲಿ ಇಂಥ ಮುಂದಾಳುಗಳು ತಮ್ಮ ಹಿಂಬಾಲಕರಿಗಿಂತಲೂ ಪೀಡಿತರಿಗಿಂತಲೂ ಚೆನ್ನಾಗಿ ಅಂಕ ಗಳಿಸಿದರು. ಎಲ್ಲಿ ಚುಚ್ಚಿದರೆ ನೋವಾಗುತ್ತದೆ, ಯಾರನ್ನು ಚುಚ್ಚಿದರೆ ಯಾರೂ ಅಡ್ಡ ಬರುವುದಿಲ್ಲ ಎಂಬುದು ಅವರಿಗೆ ಗೊತ್ತು. ಅವರಿಗೆ ಬೇಕಾದದ್ದು ಗುಂಪಿನಲ್ಲಿ ಸ್ಥಾನ, ಅದನ್ನು ಕೊಡುವವರು ನೋಡುತ್ತ ನಿಂತವರು. ಆ ನೋಡುವವರಲ್ಲಿ ಹೆಚ್ಚಿನವರಿಗೆ ನಡೆಯುತ್ತಿರುವುದು ಇಷ್ಟವಿರುವುದಿಲ್ಲ ಎಂಬುದು ಇದರಲ್ಲಿನ ಅತ್ಯಂತ ಮರುಕದ ಭಾಗ. ಯಾರೂ ಮಾತಾಡುತ್ತಿಲ್ಲವಾದ್ದರಿಂದ, ತನ್ನೊಬ್ಬನಿಗೇ ಇದು ತಪ್ಪೆನಿಸುತ್ತಿರಬೇಕು ಎಂದು ಪ್ರತಿಯೊಬ್ಬರೂ ಭಾವಿಸುತ್ತಾರೆ.

ಇದರಿಂದಾಗುವ ಹಾನಿಯನ್ನು "ಮಕ್ಕಳಾಟ, ದೊಡ್ಡವರಾದರೆ ಮರೆಯುತ್ತಾರೆ" ಎಂದು ತಳ್ಳಿಹಾಕಲು ಈಗ ಸಾಧ್ಯವಿಲ್ಲ. ಬ್ರಿಟನ್ನಿನಲ್ಲಿ 1958ರ ಒಂದೇ ವಾರದಲ್ಲಿ ಹುಟ್ಟಿದ ಸಾವಿರಾರು ಮಕ್ಕಳನ್ನು ಜೀವನದುದ್ದಕ್ಕೂ ಗಮನಿಸುತ್ತ ಬಂದಿದ್ದಾರೆ. ಅವರಿಗೆ 7 ಮತ್ತು 11 ವರ್ಷವಾದಾಗ, ನಿಮ್ಮ ಮಗುವನ್ನು ಬೇರೆ ಮಕ್ಕಳು ಪೀಡಿಸುತ್ತಾರೆಯೇ ಎಂದು ಹೆತ್ತವರನ್ನು ಕೇಳಿದ್ದರು. 2014ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಆಗ ಪದೇಪದೇ ಪೀಡನೆಗೆ ಒಳಗಾದವರಲ್ಲಿ ಖಿನ್ನತೆ, ಆತಂಕದ ಕಾಯಿಲೆ, ಆತ್ಮಹತ್ಯೆಯ ಯೋಚನೆಗಳು ನಡುವಯಸ್ಸಿನಲ್ಲೂ ಹೆಚ್ಚಾಗಿದ್ದವು. ಮನೆಯ ಬಡತನ, ಬಾಲ್ಯದ ಬುದ್ಧಿಮಟ್ಟ, ಆಗಲೇ ಇದ್ದ ಮಾನಸಿಕ ತೊಂದರೆ ಇವನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಆ ನಂಟು ಉಳಿಯಿತು. ನಾರ್ವೆ ಇಷ್ಟು ಕಾಲ ಕಾಯಲಿಲ್ಲ. 1982ರ ಕೊನೆಯಲ್ಲಿ ಆ ದೇಶದ ಉತ್ತರ ಭಾಗದಲ್ಲಿ ಮೂವರು ಹುಡುಗರು ಆತ್ಮಹತ್ಯೆ ಮಾಡಿಕೊಂಡರು. ಸಹಪಾಠಿಗಳ ಪೀಡನೆಯೇ ಕಾರಣವಿರಬೇಕೆಂದು ಪತ್ರಿಕೆಗಳು ಬರೆದವು. ಮರುವರ್ಷವೇ ಸರ್ಕಾರ ರಾಷ್ಟ್ರವ್ಯಾಪಿ ಅಭಿಯಾನ ಆರಂಭಿಸಿತು.

ಮಗು ಬಂದು ಹೇಳಿದಾಗ ದೊಡ್ಡವರು ಏನು ಮಾಡಬೇಕು? ಮೊದಲು ಪೂರ್ತಿ ಕೇಳಬೇಕು. ಇದು ಸುಲಭವೆಂದು ಕಂಡರೂ ಹೆಚ್ಚಿನವರು ಎಡವುವುದು ಇಲ್ಲಿಯೇ. ಎರಡನೇ ವಾಕ್ಯಕ್ಕೇ "ನೀನೇನು ಮಾಡಿದೆ ಅವನಿಗೆ?" ಎಂಬ ಪ್ರಶ್ನೆ ಬರುತ್ತದೆ. ಇಲ್ಲವೇ "ಗಮನ ಕೊಡಬೇಡ" ಅಥವಾ "ನೀನೂ ತಿರುಗಿ ಕೊಡು" ಎಂಬ ಸಲಹೆ ಬರುತ್ತದೆ. ಈ ಎಲ್ಲ ಮಾತುಗಳೂ ಹೊಣೆಯನ್ನು ಆ ಮಗುವಿನ ತಲೆಗೇ ಕಟ್ಟುತ್ತವೆ. ತಿರುಗಿ ಹೊಡೆಯಲು ಬಲವಿದ್ದಿದ್ದರೆ ಅದು ನಿಮ್ಮ ಬಳಿ ಬರುತ್ತಿರಲಿಲ್ಲ. ಯಾರು, ಎಲ್ಲಿ, ಯಾವಾಗ, ಆಗ ಸುತ್ತ ಯಾರಿದ್ದರು, ಅವರೇನು ಮಾಡಿದರು ಎಂದು ಕೇಳಿ ಬರೆದಿಡಿ. "ಯಾರಿಗೂ ಹೇಳಬೇಡ ಅಮ್ಮ" ಅಂದರೆ ಹೇಳುವುದಿಲ್ಲವೆಂದು ಮಾತು ಕೊಡಬೇಡಿ. "ನಿನಗೆ ತಿಳಿಸದೆ ಏನೂ ಮಾಡುವುದಿಲ್ಲ" ಎಂದು ಹೇಳಿ, ಅದರಂತೆಯೇ ನಡೆಯಿರಿ. ಆ ಇನ್ನೊಂದು ಮಗುವಿನ ಮನೆಗೆ ನೇರವಾಗಿ ಹೋದರೆ ಅದು ದೊಡ್ಡವರ ಜಗಳವಾಗುತ್ತದೆ, ಶಾಲೆಯ ಮೂಲಕವೇ ಹೋಗಬೇಕು. ಕಿರುಕುಳ ಫೋನಿನಲ್ಲಿ ನಡೆಯುತ್ತಿದ್ದರೆ ಸ್ಕ್ರೀನ್‌ಶಾಟ್ ತೆಗೆದಿಡಿ, ಆದರೆ ಮಗುವಿನ ಫೋನ್ ಕಿತ್ತುಕೊಳ್ಳಬೇಡಿ. ಹೇಳಿದರೆ ಫೋನ್ ಹೋಗುತ್ತದೆಂಬ ಭಯಕ್ಕೇ ಎಷ್ಟೋ ಮಕ್ಕಳು ಬಾಯಿ ಬಿಡುವುದಿಲ್ಲ.

ಶಾಲೆಯ ಕೆಲಸ ಇದಕ್ಕಿಂತ ಹಿರಿದು. ಸಾಲ್ಮಿವಲ್ಲಿಯವರ ತಂಡ ರೂಪಿಸಿದ ಕಿವಾ ಎಂಬ ಕಾರ್ಯಕ್ರಮ 2009ರಿಂದ ಫಿನ್ಲೆಂಡಿನಾದ್ಯಂತ ಜಾರಿಗೆ ಬಂತು. ಅದರ ಕ್ರಮ ನನಗೆ ತುಂಬ ವಿವೇಕದ್ದೆನಿಸುತ್ತದೆ. ಪೀಡಿತ ಮಗುವಿನೊಂದಿಗೆ ಮೊದಲು ಮಾತಾಡುತ್ತಾರೆ. ಬಳಿಕ ಪೀಡಿಸಿದವರನ್ನು ಒಟ್ಟಿಗೆ ಕರೆಯದೆ ಒಬ್ಬೊಬ್ಬರನ್ನಾಗಿ ಕರೆಯುತ್ತಾರೆ, ಏಕೆಂದರೆ ಗುಂಪಿನಲ್ಲಿ ಪ್ರತಿಯೊಬ್ಬರಿಗೂ ಉಳಿದವರ ಎದುರು ಮುಖ ಉಳಿಸಿಕೊಳ್ಳುವ ಹಂಬಲವಿರುತ್ತದೆ. ಮಾಡಿದ್ದು ಸರಿಯಲ್ಲ ಎಂದು ನೇರವಾಗಿ ಹೇಳುವುದೂ ಆ ಮಗುವಿಗೆ ಹೇಗಾಗಿರಬೇಕೆಂದು ಯೋಚಿಸಲು ಹಚ್ಚುವುದೂ ಕೆಲಸ ಮಾಡುತ್ತವೆ. "ನೀನೇ ಕೆಟ್ಟವನು" ಎಂಬ ದೂಷಣೆ ಕೆಲಸ ಮಾಡುವುದಿಲ್ಲ. ಜತೆಗೆ, ತರಗತಿಯಲ್ಲಿ ಎಲ್ಲರಿಗೂ ಬೇಕಾದ, ಒಳ್ಳೆಯ ಮನಸ್ಸಿನ ಎರಡು ಮೂರು ಮಕ್ಕಳನ್ನು ಕರೆದು, ಪೀಡಿತ ಮಗುವಿಗೆ ಜತೆಯಾಗಿರಲು ಏನು ಮಾಡಬಲ್ಲಿರಿ ಎಂದು ಶಿಕ್ಷಕರು ಕೇಳುತ್ತಾರೆ. ಪೀಡಿಸುವವರನ್ನು ಎದುರಿಸಿ ಎಂದಲ್ಲ. ಪಕ್ಕದಲ್ಲಿ ಕೂರುವುದು, ಆಟಕ್ಕೆ ಕರೆಯುವುದು, ಅಣಕಕ್ಕೆ ನಗದಿರುವುದು ಸಾಕು. ಕೆಲ ದಿನಗಳ ನಂತರ ಎಲ್ಲರನ್ನೂ ಮತ್ತೆ ಕರೆದು ವಿಚಾರಿಸುತ್ತಾರೆ. ಎಷ್ಟೋ ಕಡೆ ಬಿಟ್ಟುಹೋಗುವುದು ಈ ಕೊನೆಯ ಹೆಜ್ಜೆಯೇ.

ಒಂದು ತಪ್ಪಿಗೆ ಶಾಲೆಯಿಂದಲೇ ಹೊರಗೆ ಎಂಬ ಕಠಿಣ ನೀತಿ ಕೇಳಲು ಹಿತವಾಗಿದೆ. ಅಮೆರಿಕದ ಮನೋವೈಜ್ಞಾನಿಕ ಸಂಘದ ಕಾರ್ಯಪಡೆ 2008ರಲ್ಲಿ ಇಂಥ ನೀತಿಗಳನ್ನು ಪರಿಶೀಲಿಸಿ, ಅವುಗಳಿಂದ ಶಾಲೆಗಳು ಸುರಕ್ಷಿತವಾದವು ಎನ್ನಲು ಆಧಾರವಿಲ್ಲವೆಂದಿತು.

ಹಾಗೆಂದು ಒಳ್ಳೆಯ ಕಾರ್ಯಕ್ರಮಗಳಿಂದ ಪವಾಡವನ್ನೂ ನಿರೀಕ್ಷಿಸಬಾರದು. ನಾರ್ವೆಯ ಬರ್ಗನ್ನಿನಲ್ಲಿ 42 ಶಾಲೆಗಳ ಸುಮಾರು 2,500 ಮಕ್ಕಳ ನಡುವೆ ಓಲ್ವೇಯಸ್ ನಡೆಸಿದ ಮೊದಲ ಪ್ರಯೋಗದಲ್ಲಿ ಕಿರುಕುಳ ಅರ್ಧಕ್ಕಿಳಿಯಿತು. ಆಮೇಲೆ ಬೇರೆ ಬೇರೆ ದೇಶಗಳಲ್ಲಿ ನಡೆದ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗ ಇಳಿಕೆ ಸುಮಾರು ಐದನೇ ಒಂದು ಭಾಗ. ನನ್ನ ಮಟ್ಟಿಗೆ ಅದು ಸಣ್ಣದಲ್ಲ. ಆದರೆ ಆ ಇಳಿಕೆಯೊಳಗೇ ಒಂದು ಅಪಾಯವನ್ನು ಸಂಶೋಧಕರು ಗುರುತಿಸಿದ್ದಾರೆ. ಕಿರುಕುಳ ಕಡಿಮೆಯಾದ ತರಗತಿಯಲ್ಲಿ ಇನ್ನೂ ಪೀಡನೆ ಅನುಭವಿಸುತ್ತಿರುವ ಒಂದೆರಡು ಮಕ್ಕಳ ಸಂಕಟ ಮೊದಲಿಗಿಂತ ಹೆಚ್ಚಾಗಬಹುದು. ಎಲ್ಲರಿಗೂ ಸರಿಹೋಯಿತು, ನನಗೊಬ್ಬನಿಗೇ ಏಕೆ ಹೀಗೆ ಎಂದು ಆ ಮಗು ಯೋಚಿಸುತ್ತದೆ, ತಪ್ಪು ತನ್ನಲ್ಲೇ ಇದೆ ಎಂದು ತೀರ್ಮಾನಿಸುತ್ತದೆ. ಆದ್ದರಿಂದ ಶಾಲೆಯ ವರದಿಯಲ್ಲಿ ಸಂಖ್ಯೆ ಇಳಿದ ವರ್ಷವೇ ಶಿಕ್ಷಕರು ಒಟ್ಟಿಗೆ ಕುಳಿತು, ಉಳಿದಿರುವವರು ಯಾರು ಎಂದು ಹೆಸರು ಹಿಡಿದು ಕೇಳಿಕೊಳ್ಳಬೇಕು. ಆ ಮಗುವಿನ ಜತೆ ದಿನವೂ ಮಾತಾಡುವ ಒಬ್ಬ ದೊಡ್ಡವರು ಯಾರೆಂದು ಆಗಲೇ ಗೊತ್ತುಮಾಡಬೇಕು.