ಇಸ್ಪೀಟ್ ಎಲೆಯೂ ನಮ್ಮತ್ತೆಯ ಮೊಣಕಾಲೂ

ಕಲಬುರಗಿಯ ಶರಣಬಸವೇಶ್ವರ ಜಾತ್ರೆ. ಗಿಳಿಶಾಸ್ತ್ರದವರ ಪಕ್ಕದಲ್ಲಿ ಒಬ್ಬಾಕೆ ಚಾಪೆ ಹಾಸಿ ಇಸ್ಪೀಟ್ ಎಲೆ ಹಾಕಿ ಭವಿಷ್ಯ ಹೇಳುತ್ತಿದ್ದಳು. ನಮ್ಮ ಸೋದರತ್ತೆ ಕುಳಿತೇಬಿಟ್ಟರು. ಡೈಮನ್ ಏಳು, ಆಟೀನ್ ರಾಣಿ, ಇಸ್ಪೀಟ್ ಎಕ್ಕಾ ಬಂದವು.

"ಮನ್ಯಾಗ ಯಾರಿಗೋ ಕಾಲಿಂದು ತ್ರಾಸ ಅದ ನೋಡ್ರಿ ಅವ್ವಾ."

"ನಂದೇ ಮೊಣಕಾಲವ್ವಾ! ಎಲ್ಯಾಗ ಬಂತಲ್ಲ!"

ಕಾಲುನೋವಿಲ್ಲದ ಮನೆ ನಮ್ಮೂರಲ್ಲಿ ಎಷ್ಟಿವೆ? 'ಯಾರಿಗೋ' ಎಂದದ್ದನ್ನು 'ನಂದೇ' ಮಾಡಿಕೊಂಡವರು ಅತ್ತೆ. ಇಡೀ ವಿದ್ಯೆ ನಿಂತಿರುವುದೇ ಈ ಜಾಗದಲ್ಲಿ. ಆ ಮಾತು ಲುಂಗಿ ಇದ್ದಹಾಗೆ: ಅಳತೆ ಹಿಡಿದು ಹೊಲಿದದ್ದಲ್ಲ, ಉಟ್ಟವರ ಸೊಂಟಕ್ಕೆ ಸರಿಹೋಗುತ್ತದೆ. ಬರೀ ಬೇಯಿಸಿದ ತೊಗರಿಬೇಳೆ ಅಂತಲೂ ಅನ್ನಬಹುದು. ಒಗ್ಗರಣೆ ಹಾಕಿಕೊಳ್ಳುವವರು ಕೇಳುವವರೇ. ಸೋರಿದ ಗೋಡೆಯ ಕಲೆಯಲ್ಲಿ ಮಗುವಿಗೆ ಕುದುರೆ ಕಾಣುವುದೂ ಹೀಗೆಯೇ.

1948ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಬರ್ಟ್ರಮ್ ಫೋರರ್ ತನ್ನ 39 ವಿದ್ಯಾರ್ಥಿಗಳಿಗೆ 'ಇದು ನಿನ್ನ ಸ್ವಭಾವ' ಎಂದು ಒಂದೊಂದು ಹಾಳೆ ಕೊಟ್ಟ. ಎಷ್ಟು ಸರಿಯಾಗಿದೆ ಎಂದು 5ಕ್ಕೆ ಅಂಕ ಹಾಕಿರಿ ಎಂದ. ಸರಾಸರಿ 4.26 ಬಂತು. ಎಲ್ಲರ ಹಾಳೆಯಲ್ಲೂ ಇದ್ದದ್ದು ಒಂದೇ ಬರಹ! ಬಹುಪಾಲು ಸಾಲುಗಳನ್ನು ಆತ ಅಂಗಡಿಯಲ್ಲಿ ಸಿಗುವ ಜ್ಯೋತಿಷ್ಯದ ಪುಸ್ತಕದಿಂದ ಎತ್ತಿಕೊಂಡಿದ್ದ.

"ಸಾವಿರಾರು ವರ್ಷದ ವಿದ್ಯಾ" ಎಂದೂ ಆಕೆ ಹೇಳಿದಳು. ಅಲ್ಲ. ಇಸ್ಪೀಟು ಆಗ ಈಜಿಪ್ಟನ್ನು ಆಳುತ್ತಿದ್ದ ಮಮ್ಲೂಕರ ಕಡೆಯಿಂದ ಯುರೋಪಿಗೆ ಹೋದದ್ದೇ 14ನೆಯ ಶತಮಾನದಲ್ಲಿ, ಆಟಕ್ಕಾಗಿ. ಬಾಬರ್ 1527ರಲ್ಲಿ ಸಿಂಧಿಗೆ ಗಂಜೀಫಾ ಎಂಬ ಇಸ್ಪೀಟಿನಂಥ ಎಲೆ ಕಳಿಸಿದ್ದೂ ಆಟಕ್ಕೇ. ಎಲೆಯಲ್ಲಿ ಭವಿಷ್ಯ ನೋಡುವುದನ್ನು ಪುಸ್ತಕವಾಗಿಸಿ ಹರಡಿದವನು ಪ್ಯಾರಿಸ್ಸಿನ ಅಲಿಯೆಟ್. 1770ರಲ್ಲಿ, ತನ್ನ ಹೆಸರನ್ನೇ ತಿರುವಿ 'ಎಟ್ಟೆಯ್ಲಾ' ಎಂದಿಟ್ಟುಕೊಂಡು. ಇಟಲಿಯಲ್ಲಿ 15ನೆಯ ಶತಮಾನದಲ್ಲಿ ಆಟಕ್ಕೆಂದು ಹುಟ್ಟಿ, ಈಗ ಭವಿಷ್ಯ ಹೇಳಲು ಬಳಸುವ ಟ್ಯಾರೋ ಎಲೆಗಳನ್ನು 1781ರಲ್ಲಿ ಕೂರ್ ದ ಜೆಬೆಲಾಂ ಎಂಬಾತ ಪ್ರಾಚೀನ ಈಜಿಪ್ಟಿನ ಜ್ಞಾನವೆಂದು ಸಾರಿದ. ಈಜಿಪ್ಟಿನ ಚಿತ್ರಲಿಪಿಯನ್ನು ಫ್ರಾನ್ಸಿನ ವಿದ್ವಾಂಸ ಶಾಂಪೋಲಿಯೋ ಬಿಡಿಸಿದ್ದು 1822ರಲ್ಲಿ. ಅದಕ್ಕೂ 41 ವರ್ಷ ಮೊದಲು ಯಾರಿಗೂ ಲಿಪಿ ಓದಲು ಬಾರದ ನಾಡಿನ ಹೆಸರಲ್ಲಿ ಏನು ಹೇಳಿದರೂ ನಡೆಯುತ್ತಿತ್ತು.

ನನಗೆ ಸಂಕಟವಾದದ್ದು ಆಮೇಲಿನ ಮಾತಿಗೆ. "ಕರಿ ಎಲಿ ಬಂದದ, 1,100 ರೂಪಾಯಿ ಕೊಟ್ಟು ಶಾಂತಿ ಮಾಡಸ್ರಿ." ಅತ್ತೆಗೆ ಅವತ್ತು ನಿದ್ದೆ ಬರಲಿಲ್ಲ.

ಮರುದಿನ ನಮ್ಮ ಕಟ್ಟೆಯ ಮೇಲೆ ನಾನೇ ಎಲೆ ಹಾಕಿದೆ. ಬಂದವು ಬೇರೆ ಎಲೆ, ಹೇಳಿದ್ದು ಆಕೆಯ ಮಾತೇ. ಪಕ್ಕದ ಮನೆಯ ಕಾಕಾ, "ನಮ್ಮ ಹುಡುಗಂದು, ಗಾಡಿ ಮ್ಯಾಲಿಂದ ಬಿದ್ದಾನಲ್ಲ" ಎಂದರು. ಹಾಲಿನ ಹುಡುಗ, "ನಮ್ಮ ಎಮ್ಮಿಂದೇ ರೀ" ಎಂದ.

"ಅದು ಖರೆ. ಆದ್ರ ಕರಿ ಎಲಿ ಬಂದಿತ್ತಲ್ಲೋ?" ಎಂದರು ಅತ್ತೆ.

52ರಲ್ಲಿ 26 ಎಲೆ ಕಪ್ಪು. ಮೂರು ತೆಗೆದರೆ 100ಕ್ಕೆ 88 ಸಲ ಒಂದಾದರೂ ಕಪ್ಪು ಬಂದೇ ಬರುತ್ತದೆ. ಕಟ್ಟನ್ನು ಅವರ ಕೈಗೇ ಕೊಟ್ಟೆ. ಕಲಸಿ ತೆಗೆದರು, ಬಂತು. ಮತ್ತೆ ತೆಗೆದರು, ಬಂತು. ಆರನೆಯ ಸಲಕ್ಕೆ ಎಲೆ ಕೆಳಗಿಟ್ಟು ಅಡಿಕೆ ಚೀಲ ಬಿಚ್ಚಿ, ಶಾಂತಿಗೆಂದು ಮಡಚಿಟ್ಟಿದ್ದ ನೋಟು ತೆಗೆದರು.

"ಮೊಣಕಾಲಿಂದು ಎಕ್ಸ್‌ರೇ ತೆಗಿಸ್ಕೊಂಡ್ ಬರಮ್ ನಡಿ."