ಪಾಠದ ಮನೆಯ ಹೆಬ್ಬಾಗಿಲು, ಹಿತ್ತಲ ಬಾಗಿಲು

ಸೆಮಿಸ್ಟರಿನ ಮೊದಲ ವಾರ ಕಾಲೇಜಿನ ಆನ್‌ಲೈನ್ ಕಲಿಕೆಯ ಸರ್ವರ್ ನೋಡಿಕೊಳ್ಳುವವರಿಗೆ ಪಾಠದ ಬಗ್ಗೆ ಒಂದು ಕರೆಯೂ ಬರುವುದಿಲ್ಲ. ಬರುವ ಕರೆಗಳೆಲ್ಲ ‘ಸರ್, ಲಾಗಿನ್ ಆಗುತ್ತಿಲ್ಲ’ ಎಂದೇ ಶುರುವಾಗುತ್ತವೆ. ಯುಎಸ್‌ಎನ್ (ವಿಶ್ವವಿದ್ಯಾಲಯ ಕೊಡುವ ನೋಂದಣಿ ಸಂಖ್ಯೆ) ಬರೆಯುವಾಗ ಸೊನ್ನೆಯ ಜಾಗದಲ್ಲಿ ‘ಓ’ ಅಕ್ಷರ ಒತ್ತಿದವರು, ಪಾಸ್‌ವರ್ಡ್ ಬದಲಿಸುವ ಕೊಂಡಿ ಹಳೆಯ ಇಮೇಲ್‌ಗೆ ಹೋಗಿ ಆ ಇಮೇಲ್‌ನ ಪಾಸ್‌ವರ್ಡನ್ನೂ ಮರೆತವರು, ತಪ್ಪಾಗಿ ಒತ್ತೊತ್ತಿ ಖಾತೆಗೆ ಬೀಗ ಬಿದ್ದವರು. ಕೆಲವು ವರ್ಷ ನಾನು ಈ ಕೆಲಸ ಮಾಡಿದ್ದೇನೆ. ಆದರೆ ಮರೆಯಲಾಗದ್ದು ಕಾಲೇಜಿನ ಕರೆಯಲ್ಲ, 2020ರಲ್ಲಿ ನೆರೆಮನೆಯ ಎಂಟನೇ ತರಗತಿಯ ಹುಡುಗಿ ಹೇಳಿದ ಮಾತು: ‘ಓಟಿಪಿ ಅಪ್ಪನ ಫೋನಿಗೆ ಹೋಗುತ್ತದೆ. ಅಪ್ಪ ಗಾರೆ ಕೆಲಸಕ್ಕೆ ಹೋಗಿದ್ದಾರೆ, ಬರುವುದು ಸಂಜೆ ಏಳಕ್ಕೆ.’ ಅವಳ ತರಗತಿ ಬೆಳಿಗ್ಗೆ ಹತ್ತಕ್ಕಿತ್ತು.

ಪ್ರತಿ ವಿದ್ಯಾರ್ಥಿಗೂ ತನ್ನದೇ ಫೋನು, ತನ್ನದೇ ಇಮೇಲ್ ಇದ್ದೇ ಇರುತ್ತದೆ ಎಂಬ ನಂಬಿಕೆ ಕಲಿಕೆಯ ತಾಣಗಳಿಗೆ ಎಲ್ಲಿಂದ ಬಂತು ಎಂದು ಹುಡುಕುತ್ತ ಹೋದರೆ ದಾರಿ ಶಾಲೆಯಿಂದ ಬಹಳ ದೂರ ಒಯ್ಯುತ್ತದೆ.

1961ರಲ್ಲಿ ಅಮೆರಿಕದ ಎಂಐಟಿಯಲ್ಲಿ ಫರ್ನಾಂಡೊ ಕೊರ್ಬಾಟೊ ಅವರ ತಂಡ ಸಿಟಿಎಸ್‌ಎಸ್ ಎಂಬ ವ್ಯವಸ್ಥೆಯನ್ನು ತೋರಿಸಿತು. ದುಬಾರಿಯಾದ ಒಂದೇ ಕಂಪ್ಯೂಟರನ್ನು ಹಲವರು ಏಕಕಾಲಕ್ಕೆ ಬಳಸಬೇಕಿತ್ತು. ಒಬ್ಬರ ಕಡತ ಇನ್ನೊಬ್ಬರ ಕೈಗೆ ಸಿಗಬಾರದು, ಒಬ್ಬರ ಪಾಲಿನ ಗಂಟೆಗಳನ್ನು ಇನ್ನೊಬ್ಬರು ಕಬಳಿಸಬಾರದು ಎಂದು ಪಾಸ್‌ವರ್ಡ್ ಹುಟ್ಟಿಕೊಂಡಿತು. 1962ರಲ್ಲಿ ಅಲ್ಲಿನ ಸಂಶೋಧಕ ಅಲನ್ ಶೆರ್, ತಮಗೆ ವಾರಕ್ಕೆ ಸಿಗುತ್ತಿದ್ದ ನಾಲ್ಕು ಗಂಟೆ ಸಾಲದೆ, ಎಲ್ಲರ ಪಾಸ್‌ವರ್ಡ್ ಇದ್ದ ಕಡತವನ್ನೇ ಮುದ್ರಿಸುವಂತೆ ಪಂಚ್ ಕಾರ್ಡಿನಲ್ಲಿ (ಕಂಪ್ಯೂಟರಿಗೆ ಸೂಚನೆ ಕೊಡಲು ತೂತು ಕೊರೆದ ರಟ್ಟಿನಲ್ಲಿ) ಕೋರಿಕೆ ಸಲ್ಲಿಸಿ ಪಟ್ಟಿಯನ್ನು ಪಡೆದುಕೊಂಡರು. ಹೆಬ್ಬಾಗಿಲಿನ ಬೀಗ ಮುರಿಯುವ ಪ್ರಮೇಯವೇ ಬರಲಿಲ್ಲ, ಬೀಗದ ಕೈಗಳ ಗೊಂಚಲು ಹಿತ್ತಲಲ್ಲಿ ಬಿದ್ದಿತ್ತು.

ಕಂಪ್ಯೂಟರಿನಲ್ಲಿ ಪಾಠ ಹೇಳುವ ಪ್ರಯತ್ನವೂ ಅದೇ ಕಾಲದ್ದು. ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಡೊನಾಲ್ಡ್ ಬಿಟ್ಜರ್ 1960ರಲ್ಲಿ ಆರಂಭಿಸಿದ ಪ್ಲೇಟೊ, ಮುಂದೆ ಸಾವಿರಾರು ಜನ ಬಳಸುವ ಜಾಲವಾಗಿ ಬೆಳೆಯಿತು. ಅಲ್ಲಿ ವಿದ್ಯಾರ್ಥಿ ತನ್ನ ಹೆಸರಿನ ಜೊತೆಗೆ ತನ್ನ ಗುಂಪಿನ ಹೆಸರನ್ನೂ ಕೊಟ್ಟು ಒಳಗೆ ಹೋಗಬೇಕಿತ್ತು. ಹಾಜರಿ ಪುಸ್ತಕದಲ್ಲಿ ತರಗತಿ, ವಿಭಾಗ ಇರುವ ಹಾಗೆ. ‘ನೀನು ಯಾರು’ ಎನ್ನುವುದರ ಜೊತೆಗೆ ‘ನೀನು ಯಾವ ತರಗತಿಯವನು’ ಎಂದೂ ಕೇಳಿದ ಆ ಬಾಗಿಲು ನನಗೆ ಇಂದಿಗೂ ಇಷ್ಟ.

ಪಾಸ್‌ವರ್ಡನ್ನು ಇದ್ದ ಹಾಗೆಯೇ ಬರೆದಿಡಬಾರದು ಎಂಬ ಪಾಠ ಗಟ್ಟಿಯಾಗಿ ನೆಲೆಯೂರಿದ್ದು 1979ರಲ್ಲಿ, ಅಮೆರಿಕದ ಬೆಲ್ ಲ್ಯಾಬ್ಸ್ ಸಂಶೋಧನಾಲಯದ ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ ಪ್ರಕಟಿಸಿದ ಪ್ರಬಂಧದಿಂದ. ಪಾಸ್‌ವರ್ಡನ್ನು ರುಬ್ಬಿ ಹಿಟ್ಟನ್ನಷ್ಟೇ ಇಡಬೇಕು. ಹಿಟ್ಟಿನಿಂದ ಕಾಳು ಹಿಂದಕ್ಕೆ ಬರುವುದಿಲ್ಲ. ವಿದ್ಯಾರ್ಥಿ ಮತ್ತೆ ಲಾಗಿನ್ ಆದಾಗ ಅವನು ಕೊಟ್ಟಿದ್ದನ್ನೂ ರುಬ್ಬಿ ಎರಡು ಹಿಟ್ಟುಗಳನ್ನು ಹೋಲಿಸಿದರೆ ಸಾಕು. ಇಬ್ಬರು ಒಂದೇ ಪಾಸ್‌ವರ್ಡ್ ಇಟ್ಟುಕೊಂಡರೆ ಹಿಟ್ಟೂ ಒಂದೇ ಆಗಿಬಿಡುತ್ತದಲ್ಲ? ಅದಕ್ಕೆ ಅವರು ರುಬ್ಬುವ ಮೊದಲು ಪ್ರತಿಯೊಬ್ಬರದಕ್ಕೂ ಬೇರೆ ಬೇರೆ ‘ಉಪ್ಪು’ ಬೆರೆಸಿದರು. ತಾಂತ್ರಿಕ ಭಾಷೆಯಲ್ಲೂ ಅದರ ಹೆಸರು ಉಪ್ಪು ಎಂದೇ. ಜೊತೆಗೆ ರುಬ್ಬುವ ಕೆಲಸ ಬೇಕೆಂದೇ ನಿಧಾನವಾಗಿರಬೇಕು ಎಂದರು: ಒಬ್ಬ ವಿದ್ಯಾರ್ಥಿಗೆ ಆ ನಿಧಾನ ತಿಳಿಯುವುದೇ ಇಲ್ಲ, ಕೋಟಿಗಟ್ಟಲೆ ಊಹೆಗಳನ್ನು ರುಬ್ಬಿ ನೋಡುವ ಕಳ್ಳನಿಗೆ ಅದೇ ಅಡ್ಡಗೋಡೆ.

ಇಷ್ಟೆಲ್ಲ ಗೊತ್ತಿದ್ದರೂ ಕಲಿಕೆಯ ತಾಣಗಳು ಅದನ್ನು ಪಾಲಿಸಲು ಬಹಳ ವರ್ಷ ತೆಗೆದುಕೊಂಡವು. ನಮ್ಮ ಎಷ್ಟೋ ಕಾಲೇಜುಗಳಲ್ಲಿರುವ ಮೂಡಲ್ ತಂತ್ರಾಂಶವನ್ನೇ ನೋಡಿ. ಅದನ್ನು ಕಟ್ಟಿದ ಮಾರ್ಟಿನ್ ಡುಗಿಯಾಮಸ್, ಆಸ್ಟ್ರೇಲಿಯಾದ ಮರುಭೂಮಿಯ ಒಂಟಿ ಊರಿನಲ್ಲಿ ಶಾರ್ಟ್‌ವೇವ್ ರೇಡಿಯೊ ಮೂಲಕ ಪಾಠ ಕಲಿತವರು. ಶಾಲೆ ದೂರವಿರುವ ಮಗುವಿನ ಕಷ್ಟ ಅವರಿಗೆ ಚೆನ್ನಾಗಿ ಗೊತ್ತಿತ್ತು. 2002ರಲ್ಲಿ ಬಂದ ಮೂಡಲ್ ಬಹುಕಾಲ ಬಳಸಿದ್ದು ಎಂಡಿ5 ಎಂಬ ಅತಿ ವೇಗದ ರುಬ್ಬುಗಲ್ಲನ್ನು. ನಿಧಾನವಾದ ಬಿಕ್ರಿಪ್ಟ್ ಬಂದಿದ್ದು 2013ರಲ್ಲಿ. ಪಾಸ್‌ವರ್ಡಿನ ಜೊತೆ ಎರಡನೇ ಗುರುತನ್ನೂ ಕೇಳುವ ಸೌಲಭ್ಯ ಮೂಲ ತಂತ್ರಾಂಶಕ್ಕೆ ಸೇರಿದ್ದು 2023ರಲ್ಲಿ.

ಈ ನಡುವೆ ವಿಶ್ವವಿದ್ಯಾಲಯಗಳು ಇನ್ನೊಂದು ದಾರಿ ಹಿಡಿದವು. ಪ್ರತಿ ತಾಣಕ್ಕೂ ಬೇರೆ ಪಾಸ್‌ವರ್ಡ್ ಏಕೆ? ವಿದ್ಯಾರ್ಥಿಯನ್ನು ಬಲ್ಲ ಸಂಸ್ಥೆಯೇ ‘ಇವನು ನಮ್ಮವನು’ ಎಂದು ಸಾಕ್ಷಿ ಹೇಳಲಿ. ಹಾಗೆ 2003ರಲ್ಲಿ ಶಿಬ್ಬೋಲೆತ್ ಎಂಬ ತಂತ್ರಾಂಶ ಬಂತು. ಹೆಸರು ಬೈಬಲ್‌ನದು: ನದಿಯ ಕಡವಿನಲ್ಲಿ ‘ಶಿಬ್ಬೋಲೆತ್’ ಎನ್ನಲಾಗದೆ ‘ಸಿಬ್ಬೋಲೆತ್’ ಎಂದವರನ್ನು ಶತ್ರುಗಳೆಂದು ಗುರುತಿಸಿ ಕೊಂದ ಕಥೆ. ಶಕಾರ ಸಕಾರದ ಮೇಲೆ ಜನರನ್ನು ಅಳೆಯುವ ಚಾಳಿ ಕಂಡ ಕನ್ನಡಿಗರಿಗೆ ಆ ಕಥೆ ತಟ್ಟನೆ ನಾಟುತ್ತದೆ. ವಿಶ್ವವಿದ್ಯಾಲಯಗಳ ಗ್ರಂಥಾಲಯ ಜಾಲವನ್ನು ನೋಡಿಕೊಳ್ಳುವ ಗುಜರಾತಿನ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಸಂಸ್ಥೆ ಇದೇ ತಂತ್ರಾಂಶದಿಂದ ನಮ್ಮ ವಿಶ್ವವಿದ್ಯಾಲಯಗಳನ್ನು ಜೋಡಿಸಿತು. ಮನೆಯಿಂದಲೇ ಗ್ರಂಥಾಲಯದ ನಿಯತಕಾಲಿಕಗಳನ್ನು ಓದಲು ಸಾಧ್ಯವಾಯಿತು.

ಶಾಲೆಗಳಿಗೆ ಈ ಸಾಕ್ಷಿಯ ದಾರಿ ತಲುಪುವ ಮೊದಲೇ ಮೊಬೈಲ್ ಬಂತು, ಓಟಿಪಿಯೇ ಗುರುತಾಯಿತು. ಬ್ಯಾಂಕಿಗೆ ಹೊಂದುವ ಪದ್ಧತಿ ಅದು. ಖಾತೆದಾರನ ಬಳಿ ಅವನದೇ ಸಿಮ್ ಇರುತ್ತದೆ. ಮಗುವಿನ ಬಳಿ ಇರುವುದಿಲ್ಲ.

ಈ ವಿಷಯದಲ್ಲಿ ಕೇಂದ್ರ ಸರ್ಕಾರದ ಶಾಲಾ ಕಲಿಕೆಯ ತಾಣವಾದ ದೀಕ್ಷಾ ವೇದಿಕೆಯ ಒಂದು ನಿರ್ಧಾರವನ್ನು ನಾನು ಮನಸಾರೆ ಮೆಚ್ಚುತ್ತೇನೆ. 2017ರಲ್ಲಿ ಶುರುವಾದ ಅದರ ತಳಪಾಯ ಬೆಂಗಳೂರಿನ ಏಕ್‌ಸ್ಟೆಪ್ ಪ್ರತಿಷ್ಠಾನದಲ್ಲಿ ರೂಪುಗೊಂಡ ಸನ್‌ಬರ್ಡ್ ತಂತ್ರಾಂಶ. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಲಾಗಿನ್ ಇಲ್ಲದೆಯೇ ಪಾಠ ತೆರೆದುಕೊಳ್ಳುತ್ತದೆ. ಹೆಸರು ಬೇಕಾಗುವುದು ಕೋರ್ಸಿಗೆ ಸೇರುವಾಗ, ಪ್ರಮಾಣಪತ್ರ ಪಡೆಯುವಾಗ. ಒಂದೇ ಲಾಗಿನ್ ಅಡಿಯಲ್ಲಿ ಮನೆಯ ಹಲವು ಮಕ್ಕಳನ್ನು ಸೇರಿಸುವ ಅವಕಾಶವನ್ನೂ ಮುಂದೆ ಕೊಟ್ಟರು. ಅತಿಥಿಯಾಗಿ ಒಳಬರುವ ಗುಂಡಿ ಮೂಡಲ್‌ನಲ್ಲೂ ಇದೆ. ಅತಿಥಿ ಪಾಠ ಓದಬಹುದು, ಪರೀಕ್ಷೆ ಬರೆಯುವಂತಿಲ್ಲ. ಎಷ್ಟು ಕಾಲೇಜುಗಳಲ್ಲಿ ಅದನ್ನು ಮುಚ್ಚಿಟ್ಟಿದ್ದಾರೆ ಎಂದು ನೆನೆದರೆ ಬೇಸರವಾಗುತ್ತದೆ. ಟಿಪ್ಪಣಿ ಓದಲು ಬಂದವನನ್ನೂ ಅಂಕ ಕದಿಯಲು ಬಂದವನಂತೆ ತಡೆಯುತ್ತೇವೆ.

ಅದೇ ದೀಕ್ಷಾ ಹಿತ್ತಲನ್ನು ಕಾಯುವುದರಲ್ಲಿ ಎಡವಿತು. ಅದರ ಕ್ಲೌಡ್ ಸಂಗ್ರಹವೊಂದು ರಕ್ಷಣೆಯಿಲ್ಲದೆ ತೆರೆದುಕೊಂಡಿದ್ದು, ಸುಮಾರು 10 ಲಕ್ಷ ಶಿಕ್ಷಕರ ಮತ್ತು ಸುಮಾರು 6 ಲಕ್ಷ ವಿದ್ಯಾರ್ಥಿಗಳ ವಿವರಗಳು ಹೊರಗಿನವರಿಗೆ ಕಾಣುವಂತಿದ್ದವು ಎಂದು 2023ರ ಜನವರಿಯಲ್ಲಿ ವರದಿಯಾಯಿತು. ಅಲನ್ ಶೆರ್ ಅವರ ಪಂಚ್ ಕಾರ್ಡಿಗೂ ಇದಕ್ಕೂ ನಡುವೆ 60 ವರ್ಷಗಳ ಅಂತರ. ಯಾರೂ ಪಾಸ್‌ವರ್ಡ್ ಊಹಿಸಬೇಕಾಗಿರಲಿಲ್ಲ. ಮಕ್ಕಳಿಂದ ಪಡೆದ ವಿವರ ಕಡಿಮೆಯಿದ್ದಷ್ಟೂ ಇಂಥ ದಿನ ಹರಿದುಹೋಗುವುದೂ ಕಡಿಮೆ. ಲಾಗಿನ್ ಪುಟದಲ್ಲಿ ಒಂದು ಖಾನೆ ಹೆಚ್ಚಿಸುವ ಮೊದಲು ಇದನ್ನು ಯೋಚಿಸಬೇಕು.

2023ರ ದತ್ತಾಂಶ ಸಂರಕ್ಷಣಾ ಕಾಯ್ದೆ 18 ತುಂಬದವರನ್ನು ಮಕ್ಕಳೆಂದೇ ಕಾಣುತ್ತದೆ, ಅವರ ವಿವರ ಬಳಸಲು ಪೋಷಕರ ಖಚಿತ ಒಪ್ಪಿಗೆ ಬೇಕೆನ್ನುತ್ತದೆ. ಉದ್ದೇಶ ಒಳ್ಳೆಯದು. ಆದರೆ ಆ ಒಪ್ಪಿಗೆಯನ್ನೂ ಓಟಿಪಿಯಲ್ಲೇ ಕೇಳಿದರೆ ಅದು ಹೋಗುವುದು ಗಾರೆ ಕೆಲಸದಲ್ಲಿರುವ ಅಪ್ಪನ ಫೋನಿಗೇ. ಶಾಲೆಗೆ ಸೇರಿಸುವ ದಿನ ಅಪ್ಪನೋ ಅಮ್ಮನೋ ಮುಖ್ಯೋಪಾಧ್ಯಾಯರ ಮೇಜಿನೆದುರು ಕುಳಿತೇ ಇರುತ್ತಾರೆ. ಒಪ್ಪಿಗೆಯನ್ನು ಅಲ್ಲಿಯೇ, ಒಮ್ಮೆ ಪಡೆದುಕೊಳ್ಳಬಹುದು. ಆಮೇಲೆ ಆ ಹುಡುಗಿಯನ್ನು ಬಲ್ಲ ಶಾಲೆಯೇ ಅವಳಿಗೆ ಸಾಕ್ಷಿ ನಿಂತರೆ, ಬೆಳಿಗ್ಗೆ ಹತ್ತಕ್ಕೆ ಅವಳು ತರಗತಿಯ ಒಳಗಿರುತ್ತಾಳೆ.