ಮೈಸೂರಿಗೂ ಮಂಡ್ಯಕ್ಕೂ ನಾಲ್ಕು ಮಿಲಿಮೀಟರ್

ಡಿಗ್ರಿ ಕಾಲೇಜುಗಳಲ್ಲಿ ಪ್ರಾಜೆಕ್ಟ್ ವಿಷಯ ಹಂಚುವ ಹೊತ್ತಿಗೆ ಖಗೋಳದ ಹುಚ್ಚಿರುವ ಹುಡುಗ ಹುಡುಗಿಯರು ಕೈಯೆತ್ತುವುದು ಹೆಚ್ಚುಕಡಿಮೆ ಒಂದೇ ವಿಷಯಕ್ಕೆ: ಕಪ್ಪುಕುಳಿ. ಮೂವತ್ತು ಪುಟ, ಇಪ್ಪತ್ತು ಬಣ್ಣದ ಚಿತ್ರ, ಮೇಲೊಂದು ಸ್ಪೈರಲ್ ಬೈಂಡಿಂಗ್. ಒಳಗೆ ಹುಡುಕಿದರೆ ಬರೆದವರ ಸ್ವಂತದ್ದು ಎನ್ನಬಹುದಾದ ಒಂದು ಅಂಕಿಯೂ ಸಿಕ್ಕುವುದಿಲ್ಲ. ಅದನ್ನು ಟಿಪ್ಪಣಿ ಅನ್ನಬಹುದು, ಸಂಕಲನ ಅನ್ನಬಹುದು. ಸಂಶೋಧನಾ ಪೇಪರ್ ಅನ್ನಬೇಕಾದರೆ ಅದರಲ್ಲಿ ಒಂದಾದರೂ ಅಳತೆ ಇರಬೇಕು, ಆ ಅಳತೆ ಎಷ್ಟರ ಮಟ್ಟಿಗೆ ತಪ್ಪಿರಬಹುದು ಎಂಬ ಲೆಕ್ಕವೂ ಇರಬೇಕು. ಆ ಎರಡನೆಯದೇ ಪೇಪರಿನ ಜೀವ.

ದೂರದರ್ಶಕ ಬೇಕಿಲ್ಲ. ಒಂದು ಮೀಟರ್ ಎತ್ತರದಲ್ಲಿ ಕಟ್ಟಿದ ರಟ್ಟು, ಅದರಲ್ಲೊಂದು ತೂತು, ಕೆಳಗೆ ಎ3 ಅಳತೆಯ ಹಾಳೆ, ಬಿಸಿಲು. ಇಷ್ಟರಲ್ಲಿ ಮೈಸೂರಿನ ಅಕ್ಷಾಂಶ ಸಿಗುತ್ತದೆ. ಮೈಸೂರು ಸುಮಾರು 12.30 ಡಿಗ್ರಿ ಉತ್ತರದಲ್ಲಿದೆ, ಮಂಡ್ಯ 12.52ರಲ್ಲಿ. ವಿಷುವದ ದಿನ, ಅಂದರೆ ಸೂರ್ಯ ಭೂಮಧ್ಯರೇಖೆಯ ನೇರ ಮೇಲಿರುವ ಮಾರ್ಚ್ 20-21 ಅಥವಾ ಸೆಪ್ಟೆಂಬರ್ 22-23ರ ನಡುಹಗಲಲ್ಲಿ, ಒಂದು ಮೀಟರ್ ಕೋಲಿನ ನೆರಳು ಮೈಸೂರಿನಲ್ಲಿ 218 ಮಿಲಿಮೀಟರ್, ಮಂಡ್ಯದಲ್ಲಿ 222. ಎರಡು ಊರುಗಳ ನಡುವಿನ ಅಂತರವೆಲ್ಲ ನೆರಳಿನಲ್ಲಿ ಬರೀ ನಾಲ್ಕು ಮಿಲಿಮೀಟರ್! ಈ ನಾಲ್ಕು ಮಿಲಿಮೀಟರನ್ನು ನಂಬಿಕೆಯಿಂದ ಹಿಡಿಯಬಹುದೇ ಎನ್ನುವುದೇ ಒಂದು ಸೆಮಿಸ್ಟರಿಗೆ ಸಾಕಾಗುವ ಪ್ರಶ್ನೆ.

ನಡುಹಗಲು ಅಂದರೆ ಗಡಿಯಾರದ ಹನ್ನೆರಡಲ್ಲ ಎಂದು ಇನ್ನೂ ಹೇಳಬೇಕಾಗಿ ಬರುವುದು ಬೇಸರದ ವಿಷಯ. ನಮ್ಮ ಗಡಿಯಾರ 82.5 ಡಿಗ್ರಿ ರೇಖಾಂಶದ್ದು, ಮೈಸೂರು ಇರುವುದು 76.65ರಲ್ಲಿ. ಡಿಗ್ರಿಗೆ ನಾಲ್ಕು ನಿಮಿಷದಂತೆ ಸರಾಸರಿ 23 ನಿಮಿಷ ತಡ. ಅದರ ಮೇಲೆ ಭೂಮಿಯ ಕಕ್ಷೆ, ಅಕ್ಷದ ಓರೆ ಎರಡೂ ಸೇರಿ ವರ್ಷವಿಡೀ ಹಿಂದೆಮುಂದೆ ಮಾಡುತ್ತವೆ: ನವೆಂಬರ್ ಮೊದಲ ವಾರದಲ್ಲಿ 12 ಗಂಟೆ 7 ನಿಮಿಷಕ್ಕೇ ಸೂರ್ಯ ನಡುಗೆರೆ ದಾಟಿದರೆ, ಫೆಬ್ರವರಿ ನಡುವಿನಲ್ಲಿ 12 ಗಂಟೆ 38 ನಿಮಿಷದವರೆಗೆ ಕಾಯಿಸುತ್ತಾನೆ. ಇನ್ನು ಮಧ್ಯಾಹ್ನ ಸೂರ್ಯ ದಿನಾ ನೆತ್ತಿಯ ಮೇಲಿರುತ್ತಾನೆ ಎಂಬ ಮಾತು. ಮೈಸೂರಿಗೆ ಅವನು ನೆತ್ತಿಗೆ ಬರುವುದು ವರ್ಷಕ್ಕೆ ಎರಡೇ ಸಲ, ಏಪ್ರಿಲ್ 22-23 ಮತ್ತು ಆಗಸ್ಟ್ 20ರ ಆಸುಪಾಸು. ನಡುವಿನ ದಿನಗಳಲ್ಲಿ ಅವನು ನಮಗೆ ಉತ್ತರಕ್ಕಿರುತ್ತಾನೆ, ನಡುಹಗಲ ನೆರಳು ದಕ್ಷಿಣಕ್ಕೆ ಬೀಳುತ್ತದೆ. ಜೂನ್ 21ರಂದು ಮೀಟರ್ ಕೋಲಿಗೆ ಇಪ್ಪತ್ತು ಸೆಂಟಿಮೀಟರ್, ದಕ್ಷಿಣದ ಕಡೆಗೆ. ಇದನ್ನು ಕಣ್ಣಾರೆ ನೋಡಿದವರು ಕಡಿಮೆ.

ಶೂನ್ಯ ನೆರಳಿನ ದಿನವನ್ನೇ ವಿಷಯ ಮಾಡಿಕೊಳ್ಳೋಣ ಎಂದು ಬಹಳ ಮಂದಿಗೆ ಅನಿಸುತ್ತದೆ, ಪತ್ರಿಕೆಯಲ್ಲಿ ಫೋಟೋ ಬರುತ್ತದಲ್ಲ. ಪೇಪರಿಗೆ ಅದು ಬಡ ವಿಷಯ. ಆ ದಿನಗಳಲ್ಲಿ ಸೂರ್ಯನ ಕ್ರಾಂತಿ (ಭೂಮಧ್ಯರೇಖೆಯ ನೇರದಿಂದ ಅವನು ಉತ್ತರಕ್ಕೋ ದಕ್ಷಿಣಕ್ಕೋ ಸರಿದಿರುವ ಕೋನ) ದಿನಕ್ಕೆ ಮೂರನೇ ಒಂದು ಡಿಗ್ರಿ ಸರಿಯುತ್ತದೆ, ಮೈಸೂರಿಗೂ ಮಂಡ್ಯಕ್ಕೂ ಇರುವ ವ್ಯತ್ಯಾಸ ಅಷ್ಟೂ ಇಲ್ಲ. ಹಾಗಾಗಿ ನೆರಳು ಮಾಯವಾಗುವ ದಿನವನ್ನು ಗುರುತಿಸಿದ ಮಾತ್ರಕ್ಕೆ ಯಾವ ಊರು ಎಂದು ಹೇಳಲಾಗದು. ಬೀಳುವ ನೆರಳನ್ನು ಅಳೆಯುವುದೇ ಲೇಸು.

ಈಗ ನಿಜವಾದ ತೊಡಕಿಗೆ ಬರೋಣ. ನೆರಳಿನ ತುದಿ ಎಲ್ಲಿದೆ?

ಕೋಲಿನ ಬುಡದಲ್ಲಿ ನೆರಳಿನ ಅಂಚು ಚಾಕುವಿನಿಂದ ಕೊಯ್ದ ಹಾಗಿರುತ್ತದೆ. ತುದಿಯತ್ತ ಹೋದಂತೆ ಕರಗುತ್ತದೆ. ಕಾರಣ, ಸೂರ್ಯ ಚುಕ್ಕಿಯಲ್ಲ, ತಟ್ಟೆ. ಆಕಾಶದಲ್ಲಿ ಅವನ ಅಗಲ ಅರ್ಧ ಡಿಗ್ರಿಗಿಂತ ತುಸು ಹೆಚ್ಚು, 32 ಮಿನಿಟು. (ಕೋನಕ್ಕೆ ಮಿನಿಟು, ಕಾಲಕ್ಕೆ ನಿಮಿಷ ಎಂದು ಬೇರೆ ಬೇರೆ ಇಟ್ಟುಕೊಂಡರೆ ಪೇಪರಿನಲ್ಲಿ ಅರ್ಧ ಗೊಂದಲ ತಪ್ಪುತ್ತದೆ.) ತಟ್ಟೆಯ ಮೇಲಂಚು ಒಂದು ನೆರಳು ಬೀಳಿಸುತ್ತದೆ, ಕೆಳಂಚು ಇನ್ನೊಂದು, ನಡುವಿನ ಪ್ರತಿ ಬಿಂದುವೂ ತನ್ನದೊಂದು. ಬೀದಿದೀಪದ ಸಾಲಿನ ಕೆಳಗೆ ನಡೆಯುವವನಿಗೆ ಒಂದರ ಮೇಲೊಂದು ನಾಲ್ಕು ನೆರಳು ಬೀಳುತ್ತವಲ್ಲ, ಹಾಗೆ. ಇಲ್ಲಿ ದೀಪಗಳು ಒಂದಕ್ಕೊಂದು ಅಂಟಿಕೊಂಡಿವೆ, ಅಷ್ಟೇ. ಇನ್ನೊಂದು ಬಗೆಯಲ್ಲಿ ಹೇಳುವುದಾದರೆ, ದಪ್ಪ ಮೊನೆಯ ಪೆನ್ನಿನಿಂದ ಗೆರೆ ಎಳೆದು ಗೆರೆ ಎಲ್ಲಿ ಮುಗಿಯಿತು ಎಂದು ಕೇಳಿದಂತೆ: ಸೂರ್ಯ ನಮಗೆ ಕೊಟ್ಟಿರುವ ಪೆನ್ನಿನ ಮೊನೆ ಮೀಟರ್ ದೂರದಲ್ಲಿ ಒಂಬತ್ತು ಮಿಲಿಮೀಟರಿಗೂ ಹೆಚ್ಚು ದಪ್ಪ.

ನಾವು ಹಿಡಿಯಬೇಕಿರುವುದು ನಾಲ್ಕು ಮಿಲಿಮೀಟರ್. ಅಂಚಿನ ಮಸುಕೇ ಅದರ ಎರಡರಷ್ಟಕ್ಕೂ ಮೇಲೆ. ಮೈಸೂರಿನಲ್ಲಿ ನಿಂತ ವಿದ್ಯಾರ್ಥಿ ದಟ್ಟ ನೆರಳು ಮುಗಿದ ಕಡೆ ಗುರುತು ಹಾಕಿದರೆ ಅರ್ಧ ತಟ್ಟೆಯಷ್ಟು, ಅಂದರೆ 16 ಮಿನಿಟು, ತಪ್ಪುತ್ತಾನೆ. ನೆಲದ ಮೇಲೆ ಅದು ಸುಮಾರು 30 ಕಿಲೋಮೀಟರ್: ಅವನ ಲೆಕ್ಕದಲ್ಲಿ ಕಾಲೇಜು ನಂಜನಗೂಡು ದಾಟಿ ಗುಂಡ್ಲುಪೇಟೆ ರಸ್ತೆಯಲ್ಲಿರುತ್ತದೆ. ಪಕ್ಕದ ಗೆಳತಿ ಅರೆನೆರಳು ಪೂರ್ತಿ ಮುಗಿದ ಕಡೆ ಗುರುತು ಹಾಕಿದರೆ ಅದೇ ಕಾಲೇಜು ಮಂಡ್ಯವನ್ನೂ ದಾಟಿ ಉತ್ತರಕ್ಕೆ ಹೋಗಿ ಕೂರುತ್ತದೆ. ಇಬ್ಬರೂ ಜಾಗರೂಕರೇ, ಇಬ್ಬರ ಸ್ಕೇಲೂ ಸರಿಯಾದದ್ದೇ. ಹಳಬರೂ ಇದರಲ್ಲಿ ಜಾರಿರಬಹುದು: ಪ್ರಾಚೀನ ಖಗೋಳಜ್ಞ ಟಾಲೆಮಿ ಕೊಟ್ಟ ಅಲೆಕ್ಸಾಂಡ್ರಿಯಾದ ಅಕ್ಷಾಂಶ 30 ಡಿಗ್ರಿ 58 ಮಿನಿಟು, ಇಂದಿನ ಅಳತೆ 31 ಡಿಗ್ರಿ 12 ಮಿನಿಟು. ಕೊರತೆ ಹೆಚ್ಚುಕಡಿಮೆ ಸೂರ್ಯನ ಅರ್ಧ ತಟ್ಟೆಯಷ್ಟೇ ಇರುವುದು ಅನುಮಾನ ಹುಟ್ಟಿಸುತ್ತದೆ.

ಕೋಲನ್ನು ಎತ್ತರ ಮಾಡಿದರೆ? ಮಸುಕೂ ಅಷ್ಟೇ ಹಿಗ್ಗುತ್ತದೆ. ಜೈಪುರದ ಸಮ್ರಾಟ್ ಯಂತ್ರ 27 ಮೀಟರ್ ಎತ್ತರದ ಗೋಡೆ, ಅದರ ಅಂಚಿನ ಅರೆನೆರಳೂ ಹತ್ತು ಸೆಂಟಿಮೀಟರಿಗೂ ಹೆಚ್ಚು. ಪರಿಹಾರ ಕೋಲನ್ನೇ ಬಿಟ್ಟು ತೂತಿಗೆ ಬರುವುದರಲ್ಲಿದೆ. ಹೊಂಗೆ ಮರದ ಕೆಳಗೆ ಬಿದ್ದ ಬಿಸಿಲಿನ ಚುಕ್ಕೆಗಳನ್ನು ನೋಡಿ: ಎಲೆಗಳ ಸಂದು ಯಾವ ಆಕಾರದ್ದೇ ಇರಲಿ, ಚುಕ್ಕೆ ದುಂಡಗೇ ಇರುತ್ತದೆ. ಒಂದೊಂದೂ ಸೂರ್ಯನ ಬಿಂಬ. 2019ರ ಡಿಸೆಂಬರ್ 26ರ ಗ್ರಹಣದಲ್ಲಿ ಇವೇ ಚುಕ್ಕೆಗಳು ಮೈಸೂರಿನ ರಸ್ತೆಗಳ ಮೇಲೆ ಕುಡುಗೋಲಿನ ಆಕಾರಕ್ಕೆ ತಿರುಗಿದ್ದವು. ಹಂಪಿಯ ವಿರೂಪಾಕ್ಷ ಗುಡಿಯಲ್ಲಿ ಗೋಪುರ ತಲೆಕೆಳಗಾಗಿ ಗೋಡೆಗೆ ಬೀಳುವುದೂ ಇದೇ ಉಪಾಯ. ರಟ್ಟಿನಲ್ಲಿ ಮೂರು ಮಿಲಿಮೀಟರ್ ತೂತು ಕೊರೆದರೆ ಮೀಟರ್ ಕೆಳಗೆ ಹನ್ನೆರಡು ಮಿಲಿಮೀಟರಿನ ಬೆಳಕಿನ ಬಿಲ್ಲೆ. ಅದರ ಅಂಚೂ ಮಸುಕೇ, ಆದರೆ ಸುತ್ತಲೂ ಒಂದೇ ಸಮ ಮಸುಕು. ಎರಡೂ ಅಂಚಿನ ತಪ್ಪು ಒಂದನ್ನೊಂದು ಕಳೆದುಕೊಳ್ಳುತ್ತದೆ. ನಡು ಎಲ್ಲಿದೆ ಎಂದು ಕಣ್ಣು ಅರ್ಧ ಮಿಲಿಮೀಟರಿನೊಳಗೆ ಹೇಳುತ್ತದೆ. ತೂತಿನ ಮೂಲಕ ಸೂರ್ಯನನ್ನು ನೋಡಲು ಹೋಗಬಾರದು, ಬೆಳಕು ಹಾಳೆಯ ಮೇಲೆಯೇ ಇರಲಿ.

ಹಾಳೆಯ ಕೆಲಸ ಹೀಗೆ. ಹಾಳೆ ಅಂಟಿಸಿದ ಹಲಗೆ ರಸಮಟ್ಟದಲ್ಲಿ ಎರಡೂ ದಿಕ್ಕಿಗೆ ಸಮ ಬರಬೇಕು. ತಾರಸಿ ನೆಲವನ್ನು ನಂಬಬೇಡಿ, ಮಳೆನೀರು ಹೋಗಲೆಂದು ಅದಕ್ಕೆ ವಾಟ ಕೊಟ್ಟಿರುತ್ತಾರೆ. ಮೀಟರಿಗೆ ಒಂದು ಸೆಂಟಿಮೀಟರ್ ವಾಟವಿರುವ ನೆಲಕ್ಕೆ ಮೂಲೆಮಟ್ಟ ಹಿಡಿದು ಕೋಲು ನಿಲ್ಲಿಸಿದರೆ ಅರ್ಧ ಡಿಗ್ರಿಗೂ ಮೀರಿ ವಾಲುತ್ತದೆ, ಉತ್ತರಕ್ಕೋ ದಕ್ಷಿಣಕ್ಕೋ ಅರವತ್ತು ಕಿಲೋಮೀಟರ್ ಹೋಯಿತು. ತೂತಿನ ನಡುವಿನಿಂದ ಗಾರೆ ಕೆಲಸದವರ ತೂಗುಗುಂಡು ಇಳಿಬಿಟ್ಟು, ಅದರ ಮೊನೆ ತೋರಿಸುವ ಕಡೆ ಹಾಳೆಯ ಮೇಲೆ ಬುಡದ ಗುರುತು ಹಾಕಬೇಕು. ಗಾಳಿ ಏಳುವ ಮೊದಲೊಮ್ಮೆ, ಎಲ್ಲ ಮುಗಿದ ಮೇಲೊಮ್ಮೆ. ಎರಡು ಗುರುತಿನ ನಡುವೆ ಅರ್ಧ ಮಿಲಿಮೀಟರಿಗಿಂತ ಹೆಚ್ಚಿದ್ದರೆ ರಟ್ಟು ಅಲುಗಿದೆ. ಆ ದಿನದ ಹಾಳೆ ಕಸಕ್ಕೆ. ಎತ್ತರ ಅಳೆಯುವಾಗ ಟೇಪಿನ ತುದಿಯ ಕೊಕ್ಕೆ ಒಂದು ಮಿಲಿಮೀಟರಿನಷ್ಟು ಆಡುತ್ತಿರುತ್ತದೆ, ಆದ್ದರಿಂದ ಹತ್ತು ಸೆಂಟಿಮೀಟರ್ ಗುರುತಿನಿಂದ ಶುರುಮಾಡಿ ಆಮೇಲೆ ಕಳೆಯುವುದು ಒಳ್ಳೆಯದು.

ವಿಷುವದ ದಿನ 12 ಗಂಟೆಯಿಂದ 12 ಗಂಟೆ 34 ನಿಮಿಷದವರೆಗೆ ಎರಡೆರಡು ನಿಮಿಷಕ್ಕೆ ಬಿಲ್ಲೆಯ ನಡುವಿಗೆ ಸೀಸದಕಡ್ಡಿಯಿಂದ ಚುಕ್ಕೆ ಇಡುತ್ತಾ ಹೋದರೆ ಹದಿನೆಂಟು ಚುಕ್ಕೆ. ಒಂದರಿಂದ ಒಂದಕ್ಕೆ ಒಂಬತ್ತು ಮಿಲಿಮೀಟರ್. ಬೇರೆ ದಿನ ಈ ಸಾಲು ಬಾಗುತ್ತದೆ, ವಿಷುವದಂದು ಮಾತ್ರ ನೆಟ್ಟಗಿರುತ್ತದೆ. ಬುಡದಿಂದ ಆ ಗೆರೆಗೆ ಎಳೆದ ಲಂಬವೇ ನಡುಹಗಲ ನೆರಳು. ಲಂಬದ ದಿಕ್ಕೇ ಉತ್ತರ. ಲಂಬ ಗೆರೆಗೆ ತಾಗಿದ ಕಡೆಯ ಹೊತ್ತು ರೇಖಾಂಶಕ್ಕೆ ದಾರಿ. ಒಂದೇ ಹಾಳೆಯಲ್ಲಿ ಮೂರು ಉತ್ತರ!

ನಮ್ಮ ಜ್ಯೋತಿಷಿಗಳಿಗೆ ಈ ಲಂಬ ಹಳೆಯ ಪರಿಚಯ. ಸೂರ್ಯಸಿದ್ಧಾಂತದ ಶಂಕು, ಅಂದರೆ ನೆರಳು ಅಳೆಯುವ ಕೋಲು, ಹನ್ನೆರಡು ಅಂಗುಲದ್ದು, ವಿಷುವದ ನಡುಹಗಲಲ್ಲಿ ಅದರ ನೆರಳಿಗೆ ಪಲಭಾ ಎಂದು ಹೆಸರು. ಮೈಸೂರಿನ ಪಲಭಾ ಎರಡೂವರೆ ಅಂಗುಲದ ಮೇಲೆ ಚೂರು. ಅಳೆದು ಲೆಕ್ಕ ಹಾಕಿದವರ ವಂಶದಲ್ಲೇ ಗ್ರಹಣದ ದಿನ ತಟ್ಟೆಯಲ್ಲಿ ಒನಕೆ ನಿಲ್ಲಿಸಿ ಅದು ತಾನಾಗಿ ನಿಂತಿತು ಎಂದು ವಿಡಿಯೋ ಹಾಕುವವರು ಹುಟ್ಟಿದ್ದಾರೆ. ತಳ ಸಪಾಟಾಗಿರುವ ಒನಕೆ ಯಾವ ದಿನವಾದರೂ ನಿಲ್ಲುತ್ತದೆ. ಹಿಂದಿನ ದಿನ ನಿಲ್ಲಿಸಿ ನೋಡುವುದಿಲ್ಲ, ಅಷ್ಟೇ. ಪೇಪರಿನ ಭಾಷೆಯಲ್ಲಿ ಇದಕ್ಕೆ ಹೋಲಿಕೆಯ ಪ್ರಯೋಗ ಇಲ್ಲದಿರುವುದು ಎನ್ನುತ್ತಾರೆ. ನೆರಳಿನ ಪೇಪರಿಗೂ ಅದು ಬೇಕು: ರಟ್ಟನ್ನು ಬಿಚ್ಚಿ ತಿರುಗಿಸಿ ಕಟ್ಟಿ, ಮರುದಿನ ಮತ್ತೆ ಅಳೆಯಬೇಕು. ಹದಿನೆಂಟು ಚುಕ್ಕೆಗಳ ಕೈತಪ್ಪು ಸರಾಸರಿಯಲ್ಲಿ ಕರಗೀತು, ಬುಡದ ಗುರುತು ಒಂದೇ ಒಂದು. ಅದರ ತಪ್ಪು ಹದಿನೆಂಟಕ್ಕೂ ಅಂಟಿಕೊಂಡಿರುತ್ತದೆ.

ಲೆಕ್ಕದಲ್ಲಿ ಕಾಲು ಜಾರುವ ಕಡೆ ಒಂದಿದೆ. ಸೂರ್ಯನ ಕ್ರಾಂತಿಯನ್ನು ನಾಸಾದ ಜಾಲತಾಣ ಜೆಪಿಎಲ್ ಹೊರೈಜನ್ಸ್‌ನಿಂದಲೋ ಕೋಲ್ಕತ್ತದ ಪೊಸಿಷನಲ್ ಆಸ್ಟ್ರಾನಮಿ ಸೆಂಟರಿನ ಪಂಚಾಂಗದಿಂದಲೋ ತೆಗೆದುಕೊಳ್ಳುತ್ತಾರೆ. ವಿಷುವದ ಸುಮಾರಿಗೆ ಅದು ಗಂಟೆಗೆ ಒಂದು ಮಿನಿಟು ಬದಲಾಗುತ್ತದೆ. ಕೋಷ್ಟಕದ ಹೊತ್ತು ಗ್ರೀನಿಚ್ಚಿನದು ಎಂಬುದನ್ನು ಮರೆತು ಐದೂವರೆ ಗಂಟೆ ಕಳೆಯದೇ ಹೋದರೆ ಹತ್ತು ಕಿಲೋಮೀಟರ್ ತಪ್ಪು. ಮಂಡ್ಯಕ್ಕೆ ಅರ್ಧ ದಾರಿ.

ಇನ್ನು ಪ್ರಾಚೀನ ಗ್ರೀಕ್ ವಿದ್ವಾಂಸ ಎರಟೋಸ್ತನೀಸನ ಹಾಗೆ ಎರಡು ಊರಿನ ನೆರಳಿನ ವ್ಯತ್ಯಾಸ, ನಡುವಿನ ದೂರ ಎರಡರಿಂದ ಭೂಮಿಯ ಸುತ್ತಳತೆ ಕಂಡುಹಿಡಿಯುತ್ತೇವೆ ಎಂದು ಮೈಸೂರು ಮಂಡ್ಯದ ಎರಡು ಕಾಲೇಜು ಜೊತೆಗೂಡಿದರೆ? ಒಂದು ಮಿಲಿಮೀಟರ್ ತಪ್ಪು ಅಂದರೆ ಆರು ಕಿಲೋಮೀಟರ್, ಊರುಗಳ ಉತ್ತರ ದಕ್ಷಿಣ ಅಂತರವೇ 24. ನೂರಕ್ಕೆ ಇಪ್ಪತ್ತೈದು ತಪ್ಪು. ಮ್ಯಾಪಿನಲ್ಲಿ ಕಂಡ ರಸ್ತೆ ದೂರ 45 ಕಿಲೋಮೀಟರನ್ನೇ ಹಾಕಿಬಿಟ್ಟರಂತೂ ಭೂಮಿಯ ಸುತ್ತಳತೆ 73 ಸಾವಿರ ದಾಟುತ್ತದೆ! ಜೊತೆಗಾರರು ಬೀದರಿನಲ್ಲಿದ್ದರೆ ಲೆಕ್ಕ ಬೇರೆ: ಅಲ್ಲಿ ನೆರಳು 323 ಮಿಲಿಮೀಟರ್, ವ್ಯತ್ಯಾಸ 105. ತಪ್ಪು ನೂರಕ್ಕೆ ಒಂದು ಒಂದೂವರೆಗೆ ಇಳಿಯುತ್ತದೆ. ಆದರೂ ಒಂದು ಮೋಸ ಉಳಿಯುತ್ತದೆ. ಬೀದರ್ 620 ಕಿಲೋಮೀಟರ್ ಉತ್ತರಕ್ಕಿದೆ ಎಂದು ಮ್ಯಾಪಿನಿಂದ ತೆಗೆದರೆ, ಆ ಮ್ಯಾಪಿನೊಳಗೆ ಭೂಮಿಯ ಅಳತೆ ಆಗಲೇ ಸೇರಿಕೊಂಡಿದೆ. ಕೊಟ್ಟದ್ದನ್ನೇ ವಾಪಸು ಪಡೆದು ಕಂಡುಹಿಡಿದೆವು ಎಂದಂತೆ.

ದೂರವನ್ನು ನೆಲದ ಮೇಲೆ ಅಳೆಯುವ ಪಾಡು ಬ್ರಿಟಿಷ್ ಭೂಮಾಪಕ ವಿಲಿಯಂ ಲ್ಯಾಂಬ್ಟನ್‌ಗೆ ಗೊತ್ತಿತ್ತು. 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯ ಹೊತ್ತಿನಲ್ಲಿ, ಒಂದು ರಾತ್ರಿ ಜನರಲ್ ಬೇರ್ಡ್‌ನ ದಳ ದಕ್ಷಿಣಕ್ಕೆ ಹೋಗುತ್ತಿದ್ದೇವೆಂದುಕೊಂಡು ಉತ್ತರಕ್ಕೆ, ಟಿಪ್ಪುವಿನ ಪಡೆಯತ್ತಲೇ ನಡೆಯುತ್ತಿತ್ತು. ನಕ್ಷತ್ರ ನೋಡಿ ತಪ್ಪನ್ನು ಹೇಳಿದವನು ಇವನೇ. 1802ರಲ್ಲಿ ಮದರಾಸಿನಲ್ಲಿ ಭೂಮಾಪನ ಶುರುಮಾಡಿದಾಗ ಹನ್ನೆರಡು ಕಿಲೋಮೀಟರಿನ ಒಂದು ಗೆರೆಯನ್ನು ಸರಪಳಿಯಿಂದ ಅಳೆಯಲು ಅವನಿಗೆ 57 ದಿನ ಹಿಡಿಯಿತು. ವಿದ್ಯಾರ್ಥಿಗೆ 57 ದಿನ ಇರುವುದಿಲ್ಲ. ದೂರವನ್ನು ಮ್ಯಾಪಿನಿಂದ ತೆಗೆದುಕೊಂಡಿದ್ದೇವೆ, ಆದ್ದರಿಂದ ಇದು ಸ್ವತಂತ್ರ ಅಳತೆಯಲ್ಲ ಎಂದು ಒಂದು ಸಾಲು ಬರೆದರೆ ಸಾಕು. ಆ ಸಾಲು ಇರುವ ಪೇಪರನ್ನು ಓದುವವರು ಮುಂದಿನದನ್ನೂ ನಂಬುತ್ತಾರೆ.

ಬರೆಯುವ ಕ್ರಮದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಾರಾಂಶ ಮೊದಲ ಪುಟದಲ್ಲಿದ್ದರೂ ಕೊನೆಯಲ್ಲಿ ಬರೆಯುವುದು. ಅದರಲ್ಲಿ ಬ್ರಹ್ಮಾಂಡದ ವಿಸ್ಮಯ, ಮಾನವನ ಅನಾದಿ ಕುತೂಹಲ ಬೇಡ. ಹೀಗಿದ್ದರೆ ಸಾಕು: "ಮೈಸೂರಿನ ಒಂದು ತಾರಸಿಯ ಮೇಲೆ ಒಂದು ಮೀಟರ್ ಎತ್ತರದ ತೂತಿನಿಂದ ಬಿದ್ದ ಸೂರ್ಯಬಿಂಬವನ್ನು ಮೂರು ದಿನ ಗುರುತಿಸಿ ಅಕ್ಷಾಂಶ 12.31 ± 0.04 ಡಿಗ್ರಿ ಎಂದು ಪಡೆದೆವು. ತಪ್ಪಿನ ಹೆಚ್ಚು ಪಾಲು ಬುಡದ ಗುರುತಿನದು." ಕ್ಯಾಲ್ಕುಲೇಟರ್ ತೋರಿಸಿತೆಂದು 12.3074816 ಎಂದು ಬರೆದರೆ ಕೊನೆಯ ಅಂಕಿ ಒಂದು ಸೆಂಟಿಮೀಟರ್ ನೆಲಕ್ಕೆ ಸಮ. ಹನ್ನೆರಡು ಮಿಲಿಮೀಟರಿನ ಮಸುಕು ಬಿಲ್ಲೆಯಿಂದ ಕಾಲೇಜಿನ ಯಾವ ಇಟ್ಟಿಗೆ ಎಂದು ಹೇಳಿದಂತಾಗುತ್ತದೆ.

ಸೆಪ್ಟೆಂಬರಿನಲ್ಲಿ ಮೋಡ ಕೈಕೊಟ್ಟರೆ ಡಿಸೆಂಬರ್ 21 ಇದೆ. ಆ ವಾರ ಕ್ರಾಂತಿ ನಿಂತಂತೆಯೇ ಇರುತ್ತದೆ, ಐದೂವರೆ ಗಂಟೆ ಮರೆತವರಿಗೂ ರಿಯಾಯಿತಿ. ಮೈಸೂರಿನ ನಡುಹಗಲು 12 ಗಂಟೆ 21 ನಿಮಿಷದ ಹೊತ್ತಿಗೆ. ಆದರೆ ಚುಕ್ಕೆಗಳ ಸಾಲು ಬಾಗಿರುತ್ತದೆ, ಬಿಲ್ಲೆ ಮೊಟ್ಟೆಯಾಕಾರಕ್ಕೆ ಹಿಗ್ಗಿರುತ್ತದೆ. ನೆರಳು 72 ಸೆಂಟಿಮೀಟರ್ ದೂರ ಹೋಗುವುದರಿಂದ ಎ3 ಹಾಳೆ ಸಾಲದು, ದೊಡ್ಡ ಡ್ರಾಯಿಂಗ್ ಶೀಟನ್ನೇ ತರಬೇಕು.